ಥಾಮಸ್ ಕುಕ್ (1808–1892): ಮದ್ಯ ತೊರೆದವರಿಗೆ ಬಿಡುವಿನ ದಿನವನ್ನು ಕಟ್ಟಿಕೊಟ್ಟವರು

ಥಾಮಸ್ ಕುಕ್ ಎಂಬ ಹೆಸರು ನಮ್ಮ ದೇಶದ ನಗರಗಳಲ್ಲಿ ವಿದೇಶ ಪ್ರವಾಸ, ವಿಮಾನದ ಟಿಕೆಟು ಹಾಗೂ ವಿದೇಶಿ ವಿನಿಮಯದ ಕಚೇರಿಗಳ ನಾಮಫಲಕಗಳಿಂದ ಪರಿಚಿತವಾದುದು. ಆ ಹೆಸರಿನ ವ್ಯಕ್ತಿ ಇಂಗ್ಲೆಂಡಿನ ಒಬ್ಬ ಬಡ ಮರಗೆಲಸಗಾರರಾಗಿದ್ದರೆಂಬುದಾಗಲಿ, ಅವರು ಏರ್ಪಡಿಸಿದ ಮೊದಲ ರೈಲು ಪ್ರಯಾಣವು ಮದ್ಯಪಾನ ತ್ಯಜಿಸಿದವರ ಸಂತೋಷಕ್ಕಾಗಿಯೇ ನಡೆಯಿತೆಂಬುದಾಗಲಿ ಬಹುಮಂದಿಗೆ ತಿಳಿದಿಲ್ಲ. ಮದ್ಯವನ್ನು ಬಿಡಬೇಕೆಂದು ಉಪದೇಶಿಸಿದವರು ಅವರ ಕಾಲದಲ್ಲಿ ಅನೇಕರಿದ್ದರು. ಬಿಟ್ಟ ಮನುಷ್ಯನು ರಜಾದಿನದಂದು ಎಲ್ಲಿಗೆ ಹೋಗಬೇಕು, ಯಾರೊಡನೆ ಕುಳಿತುಕೊಳ್ಳಬೇಕು, ಪರಸ್ಥಳದಲ್ಲಿ ರಾತ್ರಿ ಎಲ್ಲಿ ತಂಗಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವುದರಲ್ಲಿ ಜೀವಮಾನವನ್ನು ವಿನಿಯೋಗಿಸಿದವರು ವಿರಳ. ಕುಕ್ ಅವರು ಆ ವಿರಳರಲ್ಲಿ ಒಬ್ಬರು.

ಜನನ ಮತ್ತು ಬಾಲ್ಯ

ಥಾಮಸ್ ಕುಕ್ ಅವರು 1808ರ ನವೆಂಬರ್ 22ರಂದು ಇಂಗ್ಲೆಂಡಿನ ಡರ್ಬಿಷೈರ್ ಪ್ರಾಂತ್ಯದ ಮೆಲ್ಬರ್ನ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ಆಸ್ಟ್ರೇಲಿಯಾದ ಪ್ರಸಿದ್ಧ ನಗರಕ್ಕೂ ಈ ಊರಿಗೂ ಹೆಸರೊಂದೇ ಆದರೂ ಇವೆರಡೂ ಬೇರೆ ಬೇರೆ. ತಂದೆ ಕೂಲಿಕಾರರಾಗಿದ್ದು, ಬಾಲಕನಿಗೆ ತಿಳಿವಳಿಕೆ ಬರುವ ಮೊದಲೇ ನಿಧನರಾದರು. ತಾಯಿ ಮರುಮದುವೆಯಾದರು. ಮನೆಯ ಪರಿಸ್ಥಿತಿಯಿಂದಾಗಿ ಕುಕ್ ಅವರು 10ನೆಯ ವಯಸ್ಸಿನಲ್ಲಿ ಶಾಲೆ ಬಿಟ್ಟು ತೋಟಗಾರನೊಬ್ಬನ ಕೈಕೆಳಗೆ ದುಡಿಯಬೇಕಾಯಿತು. ದಿನವೊಂದಕ್ಕೆ ಸಂಬಳ ಒಂದು ಪೆನ್ನಿ. ಆ ತೋಟಗಾರನು ವಿಪರೀತ ಮದ್ಯವ್ಯಸನಿಯಾಗಿದ್ದನೆಂದು ಅವರ ಜೀವನಚರಿತ್ರಕಾರರು ಬರೆದಿದ್ದಾರೆ. 14ನೆಯ ವಯಸ್ಸಿನಲ್ಲಿ ಸಂಬಂಧಿಕರೊಬ್ಬರ ಬಳಿ ಮರಗೆಲಸ ಕಲಿಯಲು ಸೇರಿದರು.

ಯೌವನದಲ್ಲಿ ಕುಕ್ ಅವರು ಬ್ಯಾಪ್ಟಿಸ್ಟ್ ಪಂಥದ ಗ್ರಾಮ ಪ್ರಚಾರಕರಾಗಿ ನೇಮಕಗೊಂಡರು. ಹಳ್ಳಿಯಿಂದ ಹಳ್ಳಿಗೆ ಸಂಚರಿಸಿ ಧರ್ಮೋಪದೇಶ ಮಾಡುವುದು ಮತ್ತು ಕರಪತ್ರ ಹಂಚುವುದು ಅವರ ಕೆಲಸವಾಗಿತ್ತು. 1829ನೆಯ ಒಂದೇ ವರ್ಷದಲ್ಲಿ ಅವರು ಕ್ರಮಿಸಿದ ದಾರಿ 2,692 ಮೈಲಿ. ಅದರಲ್ಲಿ 2,106 ಮೈಲಿಗಳನ್ನು ಕಾಲ್ನಡಿಗೆಯಲ್ಲಿಯೇ ಕ್ರಮಿಸಿದರು. ಇಷ್ಟು ಕರಾರುವಾಕ್ಕಾಗಿ ಲೆಕ್ಕವಿಟ್ಟ ಪ್ರಚಾರಕರು ಆ ಕಾಲದಲ್ಲಿ ಹೆಚ್ಚಿರಲಾರರು. ಪ್ರಚಾರಕರಿಗೆ ಸಂಬಳ ಕೊಡಲು ಹಣವಿಲ್ಲದಾದಾಗ ಅವರು 1832ರಲ್ಲಿ ಲೆಸ್ಟರ್ ನಗರಕ್ಕೆ ಸುಮಾರು 15 ಮೈಲಿ ದೂರದ ಮಾರ್ಕೆಟ್ ಹಾರ್‌ಬರೊ ಪಟ್ಟಣದಲ್ಲಿ ನೆಲೆಸಿ ಪುನಃ ಮರಗೆಲಸವನ್ನೇ ಕೈಗೊಂಡರು. 1833ರ ಮಾರ್ಚ್ ತಿಂಗಳಿನಲ್ಲಿ ಮೇರಿಯಾನ್ ಮೇಸನ್ ಅವರೊಡನೆ ವಿವಾಹವಾಯಿತು.

ಅಂದಿನ ಸಮಾಜದಲ್ಲಿ ಮದ್ಯದ ಸ್ಥಾನ

ಕುಕ್ ಅವರ ಕಾರ್ಯದ ಮಹತ್ವವನ್ನು ಅರಿಯಬೇಕಾದರೆ ಅಂದಿನ ಇಂಗ್ಲೆಂಡಿನ ಸ್ಥಿತಿಯನ್ನು ಸ್ವಲ್ಪ ತಿಳಿಯುವುದು ಅಗತ್ಯ. 1830ರಲ್ಲಿ ಜಾರಿಗೆ ಬಂದ ಬಿಯರ್ ಕಾಯಿದೆಯ ಪ್ರಕಾರ ತೆರಿಗೆದಾರನಾದ ಯಾವನೇ ಗೃಹಸ್ಥನು ಎರಡು ಗಿನಿ ಶುಲ್ಕ ತೆತ್ತು ತನ್ನ ಮನೆಯಲ್ಲಿಯೇ ಬಿಯರ್ ಮಾರಬಹುದಾಗಿತ್ತು. ಪರಿಣಾಮವಾಗಿ ಬೀದಿಬೀದಿಗಳಲ್ಲಿ ಮದ್ಯದಂಗಡಿಗಳು ತಲೆಯೆತ್ತಿದವು. ನಗರಗಳ ಕುಡಿಯುವ ನೀರು ಶುದ್ಧವಾಗಿರದಿದ್ದುದರಿಂದ ನೀರಿಗಿಂತ ಬಿಯರೇ ಕ್ಷೇಮವೆಂಬ ಭಾವನೆ ಜನರಲ್ಲಿ ಬೇರೂರಿತ್ತು. ಹಲವು ಕಡೆ ಕಾರ್ಮಿಕರಿಗೆ ವಾರದ ಕೂಲಿಯ ಬಟವಾಡೆಯು ಪಡಖಾನೆಯಲ್ಲಿಯೇ ಆಗುತ್ತಿತ್ತು. ಗಣಿ ಕಾರ್ಮಿಕರ ಮಟ್ಟಿಗೆ ಈ ಪದ್ಧತಿಯನ್ನು ಕಾನೂನಿನ ಮೂಲಕ ನಿಷೇಧಿಸಿದ್ದು 1842ರಲ್ಲಿ. ಉಳಿದ ಕಾರ್ಮಿಕರು 1883ರವರೆಗೆ ಕಾಯಬೇಕಾಯಿತು.

ಇದಕ್ಕಿಂತಲೂ ಗಮನಿಸಬೇಕಾದ ಸಂಗತಿಯೊಂದಿದೆ. ಚಳಿಗಾಲದ ಸಂಜೆ ಬೆಚ್ಚಗಿನ ಬೆಂಕಿ, ದೀಪದ ಬೆಳಕು, ಹಾಡು, ಹರಟೆ, ಕಾರ್ಮಿಕರ ಪರಸ್ಪರ ಸಹಾಯ ಸಂಘಗಳ ಸಭೆ, ಕೆಲಸ ಖಾಲಿ ಇರುವ ಸುದ್ದಿ, ಪರಸ್ಥಳದವರಿಗೆ ಮಲಗಲು ಹಾಸಿಗೆ, ಇವೆಲ್ಲವೂ ಬಡವನಿಗೆ ದೊರಕುತ್ತಿದ್ದುದು ಪಡಖಾನೆಯಲ್ಲಿಯೇ. ಆದುದರಿಂದ ಮದ್ಯ ತೊರೆದವನು ಲೋಟವನ್ನು ಕೆಳಗಿಟ್ಟೊಡನೆ ತನ್ನ ಸ್ನೇಹಿತರ ಕೂಟ, ಸಂಜೆಯ ಹೊತ್ತು, ಕೆಲವೊಮ್ಮೆ ಉದ್ಯೋಗದ ಅವಕಾಶವನ್ನೂ ಕಳೆದುಕೊಳ್ಳುತ್ತಿದ್ದನು. ಪ್ರತಿಜ್ಞೆ ಮಾಡಿದ ಅನೇಕರು ಕೆಲವೇ ವಾರಗಳಲ್ಲಿ ಹಿಂದಿರುಗುತ್ತಿದ್ದುದಕ್ಕೆ ಮನಸ್ಸಿನ ದೌರ್ಬಲ್ಯವೊಂದನ್ನೇ ಕಾರಣವೆನ್ನುವುದು ನ್ಯಾಯವಾಗದು. ಹೋಗಲು ಬೇರೆ ಸ್ಥಳವೇ ಇರಲಿಲ್ಲ.

ಪ್ರತಿಜ್ಞೆ ಮತ್ತು ವಿರೋಧ

1832ರ ಸೆಪ್ಟೆಂಬರ್ ತಿಂಗಳಿನಲ್ಲಿ ಪ್ರೆಸ್ಟನ್ ನಗರದಲ್ಲಿ ಜೋಸೆಫ್ ಲೈವ್ಸೆ ಹಾಗೂ ಅವರ ಸಂಗಡಿಗರು ಎಲ್ಲ ಬಗೆಯ ಮದ್ಯವನ್ನೂ ಸಂಪೂರ್ಣವಾಗಿ ತ್ಯಜಿಸುವ ಪ್ರತಿಜ್ಞೆಗೆ ಸಹಿ ಹಾಕಿದರು. ಪೂರ್ಣ ಮದ್ಯವರ್ಜನ ಚಳವಳಿಯು ಅಲ್ಲಿಂದ ದೇಶದಾದ್ಯಂತ ಹಬ್ಬಿತು. ಕುಕ್ ಅವರು 1833ರ ಹೊಸವರ್ಷದ ದಿನದಂದು ಸಂಯಮದ ಪ್ರತಿಜ್ಞೆ ಕೈಗೊಂಡರು. ಆರಂಭದಲ್ಲಿ ಇದು ಬಟ್ಟಿ ಇಳಿಸಿದ ಮದ್ಯಗಳಿಗೆ ಮಾತ್ರ ಸಂಬಂಧಿಸಿದ್ದಾಗಿದ್ದು, ಕೆಲವು ವರ್ಷಗಳಲ್ಲಿ ಪತಿಪತ್ನಿಯರಿಬ್ಬರೂ ಬಿಯರ್ ಸಹಿತ ಎಲ್ಲವನ್ನೂ ತ್ಯಜಿಸಿದರು. ಮರಗೆಲಸದ ಜೊತೆಗೆ ಅವರು ಮದ್ಯವರ್ಜನ ಸಂಘಗಳ ಸಭೆಗಳನ್ನು ಏರ್ಪಡಿಸುವುದು, ಕರಪತ್ರಗಳನ್ನು ಮುದ್ರಿಸುವುದು ಮುಂತಾದ ಕಾರ್ಯಗಳಲ್ಲಿ ನಿರತರಾದರು. 1840ರಲ್ಲಿ ಮಕ್ಕಳಿಗಾಗಿಯೇ ಮದ್ಯವರ್ಜನದ ಮಾಸಪತ್ರಿಕೆಯೊಂದನ್ನು ಹೊರತಂದರು.

ಬಾರ್ಲಿ ಬೆಳೆಯುವ ರೈತನಿಂದ ಹಿಡಿದು ಅಂಗಡಿ ಇಟ್ಟವನವರೆಗೆ ಮದ್ಯದಿಂದ ಹೊಟ್ಟೆ ಹೊರೆಯುವವರು ಬಹಳವಿದ್ದುದರಿಂದ ವಿರೋಧವೂ ಸಹಜವಾಗಿತ್ತು. ಸಭೆಗಳಿಗೆ ಅಡ್ಡಿಪಡಿಸಲಾಯಿತು, ಕುಕ್ ಅವರ ಮನೆಯ ಕಿಟಕಿಗಳು ಕಲ್ಲೇಟಿಗೆ ಗುರಿಯಾದವು. ಆದರೂ ಅವರು ಕಾನೂನಿನಿಂದ ಅಂಗಡಿ ಮುಚ್ಚಿಸುವ ಮಾತಿಗಿಂತ, ಜನರಿಗೆ ಬೇರೇನು ಕೊಡಬಹುದೆಂಬ ಯೋಚನೆಯಲ್ಲಿಯೇ ಹೆಚ್ಚು ತೊಡಗಿದ್ದರೆಂಬುದು ಅವರ ಮುಂದಿನ ಕಾರ್ಯಗಳಿಂದ ವ್ಯಕ್ತವಾಗುತ್ತದೆ.

1841ರ ಜುಲೈ 5ರ ಪ್ರಯಾಣ

1841ರ ಜೂನ್ 9ರಂದು ಕುಕ್ ಅವರು ಲೆಸ್ಟರ್ ನಗರದಲ್ಲಿ ನಡೆಯಲಿದ್ದ ಮದ್ಯವರ್ಜನ ಸಭೆಯೊಂದಕ್ಕಾಗಿ ಹಾರ್‌ಬರೊದಿಂದ ನಡೆದು ಹೊರಟಿದ್ದರು. ಒಂದು ವರ್ಷದ ಹಿಂದಷ್ಟೇ ಆ ಭಾಗದಲ್ಲಿ ಮಿಡ್ಲೆಂಡ್ ಕೌಂಟೀಸ್ ರೈಲ್ವೆ ಕಂಪನಿಯು ಹೊಸ ಮಾರ್ಗವನ್ನು ತೆರೆದಿತ್ತು. ರೈಲ್ವೆಯನ್ನು ಸಮಾಜ ಸುಧಾರಣೆಯ ಕಾರ್ಯಕ್ಕೆ ಏಕೆ ಬಳಸಬಾರದು ಎಂಬ ವಿಚಾರ ಅವರಿಗೆ ಹೊಳೆದದ್ದು ಆ ದಾರಿಯಲ್ಲಿಯೇ. ಅಂದಿನ ಸಭೆಯಲ್ಲಿ ಅದನ್ನು ಮಂಡಿಸಿದಾಗ ಸಭಿಕರು ಸಂತೋಷದಿಂದ ಒಪ್ಪಿದರು. ಮರುದಿನ ಕುಕ್ ಅವರು ರೈಲ್ವೆ ಕಂಪನಿಯ ಕಾರ್ಯದರ್ಶಿ ಜಾನ್ ಫಾಕ್ಸ್ ಬೆಲ್ ಅವರನ್ನು ಕಂಡರು. ಈ ಮರಗೆಲಸಗಾರರ ಪರಿಚಯವಾಗಲಿ ಅವರ ಸಂಘದ ಪರಿಚಯವಾಗಲಿ ಬೆಲ್ ಅವರಿಗೆ ಇರಲಿಲ್ಲ. ಹಾಗಿದ್ದರೂ ವಿಶೇಷ ರೈಲು ಒದಗಿಸಲು ಅವರು ಒಪ್ಪಿಗೆ ನೀಡಿದರು.

1841ರ ಜುಲೈ 5ರಂದು ಸುಮಾರು 500 ಮಂದಿ ಲೆಸ್ಟರ್ ನಗರದಿಂದ 11 ಮೈಲಿ ದೂರದ ಲಫ್‌ಬರೊ ಪಟ್ಟಣಕ್ಕೆ ಹೊರಟರು. ಹೋಗಿಬರುವ ದರ ತಲಾ ಒಂದು ಶಿಲಿಂಗ್, ಎಂದರೆ 12 ಪೆನ್ನಿ. ತೋಟದ ಕೂಲಿಯಾಗಿದ್ದ ಬಾಲಕ ಕುಕ್ ಅವರಿಗೆ ಇದು 12 ದಿನಗಳ ಸಂಪಾದನೆಯಾಗುತ್ತಿತ್ತು. ಆದರೂ ರೈಲಿನ ಸಾಮಾನ್ಯ ದರಕ್ಕೆ ಹೋಲಿಸಿದರೆ ಇದು ಬಹಳ ಕಡಿಮೆ. ಗಾಡಿ ತುಂಬುವುದು ಮೊದಲೇ ಖಚಿತವಾಗಿದ್ದುದರಿಂದ ಕಂಪನಿಗೆ ಈ ದರ ಕಟ್ಟುಬಿತ್ತು. ಖಾಲಿ ಓಡುವ ರೈಲಿಗಿಂತ 500 ಶಿಲಿಂಗ್, ಅರ್ಥಾತ್ 25 ಪೌಂಡು ತರುವ ರೈಲು ಲೇಸೆಂಬ ಈ ಸರಳ ಲೆಕ್ಕವೇ ಮುಂದೆ ಜಗತ್ತಿನ ಸಾಮೂಹಿಕ ಪ್ರವಾಸಗಳಿಗೆಲ್ಲ ತಳಹದಿಯಾಯಿತು.

ಪ್ರಯಾಣಿಕರು ಕುಳಿತದ್ದು ಮೇಲ್ಛಾವಣಿಯಿಲ್ಲದ ಮೂರನೆಯ ದರ್ಜೆಯ ಗಾಡಿಗಳಲ್ಲಿ. ಜೊತೆಯಲ್ಲಿ ವಾದ್ಯಮೇಳವಿತ್ತು. ಅವರಲ್ಲಿ ಹಲವರಿಗೆ ಅದು ರೈಲಿನ ಮೊದಲ ಅನುಭವವಾಗಿದ್ದಿರಬೇಕು. ದಾರಿಯುದ್ದಕ್ಕೂ ಸೇತುವೆಗಳ ಮೇಲೆ ಜನರು ನೆರೆದು ನೋಡಿದರು. ಲಫ್‌ಬರೊದಲ್ಲಿ ಮೆರವಣಿಗೆ ನಡೆಯಿತು. ಪ್ಯಾಜೆಟ್ ಎಂಬ ಶ್ರೀಮಂತರು ತಮ್ಮ ವಿಶಾಲವಾದ ಉದ್ಯಾನವನ್ನು ಆ ದಿನದ ಮಟ್ಟಿಗೆ ಬಿಟ್ಟುಕೊಟ್ಟಿದ್ದರು. ಅಲ್ಲಿ ಚಹಾಕೂಟ, ಕ್ರಿಕೆಟ್ ಆಟ, ಕುಣಿತ ನಡೆದವು. ನಂತರ ಮದ್ಯವರ್ಜನದ ಕುರಿತು ಭಾಷಣಗಳಾದವು. ರಾತ್ರಿ ಹತ್ತು ಗಂಟೆಯ ಮೇಲೆ ಎಲ್ಲರೂ ಸುರಕ್ಷಿತವಾಗಿ ಲೆಸ್ಟರ್ ನಗರಕ್ಕೆ ಹಿಂದಿರುಗಿದರು.

ಇಂಗ್ಲೆಂಡಿನಲ್ಲಿ ವಿಹಾರಾರ್ಥ ರೈಲುಗಳನ್ನು ಓಡಿಸಿದವರಲ್ಲಿ ಕುಕ್ ಅವರೇ ಮೊದಲಿಗರೆಂಬ ಮಾತು ರೂಢಿಯಲ್ಲಿದೆ. ಅದು ಪೂರ್ತಿ ಸರಿಯಲ್ಲ. ಕಾರ್ಮಿಕರ ವಿದ್ಯಾಸಂಸ್ಥೆಗಳು ಅದಕ್ಕೆ ಮುಂಚೆಯೇ ಅಂತಹ ಪ್ರಯಾಣಗಳನ್ನು ಏರ್ಪಡಿಸಿದ್ದವು. ಆ ದಿನದ ವಿಶೇಷವಿದ್ದುದು ಬೇರೊಂದು ಅಂಶದಲ್ಲಿ. ಮುಂಜಾನೆಯಿಂದ ರಾತ್ರಿಯವರೆಗೆ ಗಂಡಸರು, ಹೆಂಗಸರು, ಮಕ್ಕಳು ಒಂದು ತೊಟ್ಟು ಮದ್ಯವಿಲ್ಲದೆ ಸಂತೋಷವಾಗಿದ್ದರು. ಕುಡಿಯದವರು ಮುಖ ಗಂಟಿಕ್ಕಿಕೊಂಡ ನೀರಸ ಜನರೆಂಬ ಅಪಹಾಸ್ಯಕ್ಕೆ ಯಾವ ಭಾಷಣವೂ ಕೊಡಲಾರದ ಉತ್ತರ ಅಂದು ದೊರೆಯಿತು. ತಾನೊಬ್ಬನೇ ಅಲ್ಲ, ತನ್ನಂತೆಯೇ 500 ಜನರಿದ್ದಾರೆ ಎಂಬುದನ್ನು ಪ್ರತಿಜ್ಞೆ ಮಾಡಿದವನು ಕಣ್ಣಾರೆ ಕಂಡನು.

ನಷ್ಟ ಮತ್ತು ದಿವಾಳಿ

ಅದೇ ವರ್ಷ ಕುಕ್ ಅವರು ಲೆಸ್ಟರ್ ನಗರಕ್ಕೆ ಸ್ಥಳಾಂತರಗೊಂಡು ಮುದ್ರಣ ಮತ್ತು ಪುಸ್ತಕ ಮಾರಾಟವನ್ನು ಕೈಗೊಂಡರು. ಮುಂದಿನ ಬೇಸಗೆಗಳಲ್ಲಿ ಮದ್ಯವರ್ಜನ ಸಂಘಗಳಿಗೂ ಭಾನುವಾರದ ಶಾಲೆಗಳಿಗೂ ಪ್ರಯಾಣಗಳನ್ನು ಏರ್ಪಡಿಸಿದರು. 1843ರಲ್ಲಿ ಲೆಸ್ಟರ್ ನಗರದ ಕುದುರೆ ಜೂಜಿನ ಗದ್ದಲದಿಂದ ದೂರವಿಡಲೆಂದು ಸುಮಾರು 3,000 ಮಕ್ಕಳನ್ನು ರೈಲಿನಲ್ಲಿ ಡರ್ಬಿ ನಗರಕ್ಕೆ ಕರೆದೊಯ್ದರು. ಈ ಯಾವುದರಿಂದಲೂ ಅವರಿಗೆ ಹೇಳಿಕೊಳ್ಳುವಂತಹ ಆದಾಯ ಬರಲಿಲ್ಲ. ಲಾಭದ ದೃಷ್ಟಿಯಿಂದ ಅವರು ಕೈಗೊಂಡ ಮೊದಲ ಪ್ರವಾಸವು 1845ರಲ್ಲಿ ಲಿವರ್‌ಪೂಲ್ ನಗರಕ್ಕೆ. ಅದಕ್ಕಾಗಿ ಅವರು ಮಾರ್ಗವನ್ನು ತಾವೇ ಮೊದಲು ಸಂಚರಿಸಿ ನೋಡಿ, 60 ಪುಟಗಳ ಕೈಪಿಡಿಯೊಂದನ್ನು ಮುದ್ರಿಸಿದ್ದರು. ಬೇಡಿಕೆ ಎಷ್ಟಿತ್ತೆಂದರೆ ಅದೇ ಪ್ರವಾಸವನ್ನು ಕೆಲವೇ ದಿನಗಳಲ್ಲಿ ಪುನಃ ನಡೆಸಬೇಕಾಯಿತು.

1846ರಲ್ಲಿ 350 ಮಂದಿಯನ್ನು ಸ್ಕಾಟ್ಲೆಂಡಿಗೆ ಕರೆದೊಯ್ದ ಪ್ರವಾಸದಲ್ಲಿ ತೊಂದರೆಗಳೇ ಹೆಚ್ಚಾದವು. ರೈಲಿನಲ್ಲಿ ಶೌಚಾಲಯವಿರಲಿಲ್ಲ, ಊಟೋಪಚಾರಕ್ಕೆ ಗೊತ್ತುಮಾಡಿದ್ದ ನಿಲುಗಡೆಗಳಲ್ಲಿ ವ್ಯವಸ್ಥೆ ತಪ್ಪಿತು, ಹಡಗಿನಲ್ಲಿ ಎಲ್ಲರಿಗೂ ಕೋಣೆಗಳು ಸಾಲದೆ ಅನೇಕರು ರಾತ್ರಿಯನ್ನು ತೆರೆದ ಅಟ್ಟದ ಮೇಲೆ ಕಳೆದರು. ಗ್ಲಾಸ್ಗೊ ನಗರದಲ್ಲಿ ವಾದ್ಯಸಮೇತ ಸ್ವಾಗತ ದೊರೆತರೂ ಊರಿಗೆ ಮರಳಿದವರ ದೂರುಗಳು ನಿಲ್ಲಲಿಲ್ಲ. ಅದೇ ವರ್ಷ ಕುಕ್ ಅವರು ದಿವಾಳಿಯೆಂದು ಘೋಷಿತರಾದರು. ಸದುದ್ದೇಶವು ಲೆಕ್ಕಪತ್ರಕ್ಕೆ ಬದಲಿಯಾಗಲಾರದೆಂಬುದು ಅವರಿಗೆ ಆಗ ಮನದಟ್ಟಾಯಿತೆನ್ನಬಹುದು. ಆದರೆ ಅವರು ಪ್ರವಾಸದ ಕೆಲಸವನ್ನು ಕೈಬಿಡಲಿಲ್ಲ. ಮರು ವರ್ಷಗಳಲ್ಲಿ ಸ್ಕಾಟ್ಲೆಂಡ್ ಪ್ರವಾಸಗಳೇ ಅವರ ಮುಖ್ಯ ಆದಾಯವಾದವು. ಆಹಾರಧಾನ್ಯಗಳ ಬೆಲೆ ಏರಿದ್ದ ಆ ಕಷ್ಟದ ದಿನಗಳಲ್ಲಿ ಅವರು ಬಡವರಿಗೆ ಅಗ್ಗದ ದರದಲ್ಲಿ ಆಲೂಗಡ್ಡೆ ಒದಗಿಸಿದ್ದೂ ಉಂಟು.

ಮೇರಿಯಾನ್ ಕುಕ್ ಅವರ ವಸತಿಗೃಹ

ಪ್ರಯಾಣವು ವರ್ಷದಲ್ಲಿ ಒಂದೆರಡು ದಿನಗಳ ಮಾತು. ಉಳಿದ ದಿನಗಳ ಸಂಜೆಗೆ ಏನು ಮಾಡುವುದು? ಇದಕ್ಕೆ ಕುಕ್ ದಂಪತಿಗಳು ಕಂಡುಕೊಂಡ ಉತ್ತರವನ್ನು ಅವರ ಪ್ರವಾಸಗಳಷ್ಟೇ ಪ್ರಮುಖವೆಂದು ಪರಿಗಣಿಸಬೇಕು. 1853ರಲ್ಲಿ ಲೆಸ್ಟರ್ ನಗರದ ಗ್ರ್ಯಾನ್‌ಬಿ ಬೀದಿಯಲ್ಲಿ ಮದ್ಯವರ್ಜನ ಚಳವಳಿಯ ದೊಡ್ಡ ಸಭಾಭವನವೊಂದು ಆರಂಭವಾಯಿತು. ಇದರ ನಿರ್ಮಾಣದಲ್ಲಿ ಕುಕ್ ಅವರ ಪಾತ್ರ ಹಿರಿದು. ಅಲ್ಲಿ ಸಂಗೀತ ಕಛೇರಿ, ಉಪನ್ಯಾಸ, ಸಭೆಗಳು ನಡೆಯುತ್ತಿದ್ದವು. ದುಡಿದು ಬಂದ ಕಾರ್ಮಿಕನು ಲೋಟ ಹಿಡಿಯದೆ ಬೆಳಕಿನಲ್ಲಿ ಕುಳಿತುಕೊಳ್ಳಲು ನಗರದಲ್ಲಿ ಒಂದು ಸ್ಥಳವಾಯಿತು.

ಭವನಕ್ಕೆ ಹೊಂದಿಕೊಂಡಂತೆ ಕುಕ್ ಅವರು ಮದ್ಯರಹಿತ ವಸತಿಗೃಹವೊಂದನ್ನು ಕಟ್ಟಿಸಿದರು. ವ್ಯಾಪಾರಕ್ಕಾಗಿ ಊರೂರು ತಿರುಗುವವರಿಗೆ ಅಂದು ಪಡಖಾನೆಗೆ ಸೇರಿದ ಕೋಣೆಗಳೇ ಗತಿಯಾಗಿದ್ದವು. ಅಲ್ಲಿ ತಂಗಿದವರು ಮರ್ಯಾದೆಗಾದರೂ ಏನನ್ನಾದರೂ ತರಿಸಿ ಕುಡಿಯುವುದು ವಾಡಿಕೆ. ಊರಿನಲ್ಲಿ ಗಟ್ಟಿಯಾಗಿ ನಿಂತಿದ್ದ ಪ್ರತಿಜ್ಞೆ ಪರಸ್ಥಳದಲ್ಲಿ ಮುರಿಯುತ್ತಿದ್ದುದು ಹೀಗೆ. ಮದ್ಯರಹಿತ ವಸತಿಗೃಹದಲ್ಲಿ ಈ ಮುಜುಗರ ಇರಲಿಲ್ಲ. ಇದರ ಸಂಪೂರ್ಣ ಆಡಳಿತವನ್ನು ನೋಡಿಕೊಂಡವರು ಮೇರಿಯಾನ್. ಪತಿಯು ತಿಂಗಳುಗಟ್ಟಲೆ ಪ್ರವಾಸದಲ್ಲಿದ್ದಾಗ ಮನೆಗೆ ಸ್ಥಿರವಾದ ಆದಾಯ ತಂದುದೂ ಈ ವಸತಿಗೃಹವೇ. ಕುಕ್ ಅವರ ಬಗೆಗಿನ ಬರಹಗಳಲ್ಲಿ ಮೇರಿಯಾನ್ ಅವರಿಗೆ ಸಲ್ಲಬೇಕಾದಷ್ಟು ಸ್ಥಳ ಸಂದಿಲ್ಲ. ಮುಂದೆ ಲಂಡನ್ ನಗರದ ಗ್ರೇಟ್ ರಸೆಲ್ ಬೀದಿಯಲ್ಲಿಯೂ ಇಂತಹದೇ ವಸತಿಗೃಹವನ್ನು ದಂಪತಿಗಳು ನಡೆಸಿದರು.

ಮಹಾ ಪ್ರದರ್ಶನ

ಇದಕ್ಕೆ ಎರಡು ವರ್ಷ ಮೊದಲು, 1851ರಲ್ಲಿ, ಲಂಡನ್ ನಗರದ ಹೈಡ್ ಪಾರ್ಕ್‌ನಲ್ಲಿ ಗಾಜಿನ ಅರಮನೆಯೊಂದನ್ನು ನಿರ್ಮಿಸಿ ಮಹಾ ಪ್ರದರ್ಶನವನ್ನು ಏರ್ಪಡಿಸಲಾಗಿತ್ತು. ಯಾರ್ಕ್‌ಷೈರ್ ಹಾಗೂ ಮಧ್ಯ ಇಂಗ್ಲೆಂಡಿನ ಕಾರ್ಮಿಕರನ್ನು ಅಲ್ಲಿಗೆ ಕರೆತರುವ ಹೊಣೆಯನ್ನು ಕುಕ್ ಅವರು ವಹಿಸಿಕೊಂಡರು. ವಾರವಾರ ಅಲ್ಪ ಮೊತ್ತವನ್ನು ಕೂಡಿಸಿ ಪ್ರಯಾಣದ ಹಣ ಹೊಂದಿಸಿಕೊಳ್ಳುವ ಉಳಿತಾಯ ಕೂಟಗಳು ರಚನೆಯಾದವು. ಪಡಖಾನೆಗೆ ಹೋಗಬಹುದಾಗಿದ್ದ ಕಾಸು ಹೀಗೆ ರೈಲಿನ ಟಿಕೆಟಾಗಿ ಪರಿವರ್ತನೆಗೊಂಡಿತು. 17 ವರ್ಷದ ಮಗ ಜಾನ್ ಮೇಸನ್ ಕುಕ್ ಕಾರ್ಖಾನೆಗಳ ಬಾಗಿಲಲ್ಲಿ ನಿಂತು ಟಿಕೆಟು ಮಾರಿದನು. ರೈಲ್ವೆ ಕಂಪನಿಗಳ ಪೈಪೋಟಿಯಿಂದ 15 ಶಿಲಿಂಗ್ ಇದ್ದ ದರವು 5 ಶಿಲಿಂಗ್‌ಗೆ ಇಳಿಯಿತು. ಒಟ್ಟು ಸುಮಾರು 1,50,000 ಮಂದಿ ಕುಕ್ ಅವರ ವ್ಯವಸ್ಥೆಯ ಮೂಲಕ ಪ್ರದರ್ಶನಕ್ಕೆ ಬಂದರು.

ಪ್ರದರ್ಶನದ ಆವರಣದೊಳಗೆ ಮದ್ಯ ಮಾರಾಟಕ್ಕೆ ಅವಕಾಶವಿರಲಿಲ್ಲ. 60 ಲಕ್ಷಕ್ಕೂ ಹೆಚ್ಚು ಭೇಟಿಗಳು ದಾಖಲಾದ ಆ ಉತ್ಸವದಲ್ಲಿ ಜನರು ಲಕ್ಷಗಟ್ಟಲೆ ಬಾಟಲಿ ಸೋಡಾ, ಲಿಂಬೆ ಹಾಗೂ ಶುಂಠಿಯ ಪಾನೀಯಗಳನ್ನು ಕುಡಿದು ಸಂತೃಪ್ತರಾಗಿ ಹಿಂದಿರುಗಿದರು. ಕಾರ್ಮಿಕರ ದೊಡ್ಡ ಗುಂಪು ಲಂಡನ್ ನಗರಕ್ಕೆ ಬಂದರೆ ಗಲಭೆಯಾದೀತೆಂದು ಭಯಪಟ್ಟಿದ್ದ ಗಣ್ಯರ ಆತಂಕವೂ ಸುಳ್ಳಾಯಿತು.

ವ್ಯವಹಾರದ ವಿಸ್ತಾರ

ಮುಂದಿನ ಇತಿಹಾಸ ಬಹುಮಟ್ಟಿಗೆ ಸುಪರಿಚಿತ. 1855ರಲ್ಲಿ ಯೂರೋಪು, 1863ರಲ್ಲಿ ಸ್ವಿಟ್ಜರ್ಲೆಂಡ್, 1869ರಲ್ಲಿ ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್ ಪ್ರವಾಸಗಳು ನಡೆದವು. 1868ರಲ್ಲಿ ವಸತಿಗೃಹಗಳ ಮುಂಗಡ ಚೀಟಿಗಳು ಬಳಕೆಗೆ ಬಂದವು. ಜೊತೆಯಿಲ್ಲದೆ ಪ್ರಯಾಣಿಸಲು ಹಿಂಜರಿಯುತ್ತಿದ್ದ ಮಹಿಳೆಯರು ಕುಕ್ ಅವರ ತಂಡಗಳಲ್ಲಿ ನಿಶ್ಚಿಂತೆಯಿಂದ ಸೇರುತ್ತಿದ್ದರು. 1872–73ರಲ್ಲಿ ಅವರು ಸಣ್ಣ ತಂಡವೊಂದನ್ನು ಅಮೆರಿಕ, ಜಪಾನ್, ಚೀನಾ, ಭಾರತಗಳ ಮೂಲಕ ಪ್ರಪಂಚದ ಸುತ್ತ ಕರೆದೊಯ್ದರು. ಅದಕ್ಕೆ ತಗುಲಿದ ಅವಧಿ 222 ದಿನಗಳು. ಆಗ ಅವರ ವಯಸ್ಸು 64. 1881ರಲ್ಲಿ ಸಂಸ್ಥೆಯ ಕಚೇರಿ ಮುಂಬಯಿಯಲ್ಲಿಯೂ ಪ್ರಾರಂಭವಾಯಿತು.

ಆ ವೇಳೆಗೆ ತಂದೆಯವರು ಸಂಸ್ಥೆಯಿಂದ ಹೊರಗಿದ್ದರು. ಪಾಲುದಾರರಾದ ಮಗ ಜಾನ್ ಮೇಸನ್ ಕುಕ್ ಅವರು ದಕ್ಷ ವ್ಯವಹಾರಸ್ಥರು. ಪ್ರವಾಸದ ವ್ಯವಹಾರವೇ ಬೇರೆ, ಧರ್ಮ ಹಾಗೂ ಸುಧಾರಣೆಯ ಕಾರ್ಯವೇ ಬೇರೆ ಎಂಬುದು ಅವರ ದೃಢ ನಿಲುವು. ತಂದೆಯವರು ಸಂಸ್ಥೆಯ ಹಣವನ್ನು ಮದ್ಯರಹಿತ ವಸತಿಗೃಹಕ್ಕೂ ಧರ್ಮಕಾರ್ಯಗಳಿಗೂ ವ್ಯಯಿಸುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಲೆಕ್ಕದ ದೃಷ್ಟಿಯಿಂದ ಮಗನ ವಾದದಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ಒಮ್ಮೆ ದಿವಾಳಿ ಕಂಡ ಮನೆಯಲ್ಲಿ ಅದು ಇನ್ನೂ ಸಹಜ. ಆದರೆ ತಂದೆಯವರಿಗೆ ಪ್ರವಾಸವು ಹುಟ್ಟಿದ್ದೇ ಆ ಕಾರ್ಯದಿಂದ. ಅವೆರಡನ್ನೂ ಬೇರೆ ಬೇರೆ ಪುಸ್ತಕಗಳಲ್ಲಿ ಬರೆದಿಡಲು ಅವರಿಂದಾಗಲಿಲ್ಲ. 1870ರ ದಶಕದ ಕೊನೆಯಲ್ಲಿ ಮನಸ್ತಾಪ ಬೆಳೆದು, ಕುಕ್ ಅವರು ವ್ಯವಹಾರದಿಂದ ನಿವೃತ್ತರಾಗಿ ಲೆಸ್ಟರ್ ನಗರಕ್ಕೆ ಮರಳಿದರು.

ಕೊನೆಯ ದಿನಗಳು

ನಿವೃತ್ತ ಜೀವನದಲ್ಲಿ ಅವರಿಗೆ ನೆಮ್ಮದಿ ದೊರೆಯಲಿಲ್ಲ. 1880ರಲ್ಲಿ ಮಗಳು ಆ್ಯನಿ ಮನೆಯ ಸ್ನಾನಗೃಹದಲ್ಲಿ ಆಕಸ್ಮಿಕವಾಗಿ ಮರಣಹೊಂದಿದಳು. 1884ರಲ್ಲಿ ಮೇರಿಯಾನ್ ನಿಧನರಾದರು. ಕುಕ್ ಅವರ ದೃಷ್ಟಿಯೂ ಕ್ರಮೇಣ ಮಂದವಾಗಿ ಬಹುತೇಕ ಅಂಧರಾದರು. ಆದರೂ ಮದ್ಯವರ್ಜನ ಹಾಗೂ ಬ್ಯಾಪ್ಟಿಸ್ಟ್ ಸಭೆಗಳೊಡನೆ ಅವರ ಸಂಬಂಧ ಕಡಿಯಲಿಲ್ಲ. ಹುಟ್ಟೂರು ಮೆಲ್ಬರ್ನ್‌ನಲ್ಲಿ ಬಡ ವೃದ್ಧರ ವಾಸಕ್ಕಾಗಿ 14 ಸಣ್ಣ ಮನೆಗಳನ್ನು ಕಟ್ಟಿಸಿದರು. ಅವು 1891ರ ವೇಳೆಗೆ ಸಿದ್ಧವಾದವು. ಅದೇ ವರ್ಷ ಲಂಡನ್ ನಗರದಲ್ಲಿ ಸಂಸ್ಥೆಯ ಸುವರ್ಣ ಮಹೋತ್ಸವದ ಔತಣಕೂಟವನ್ನು ವೈಭವದಿಂದ ನಡೆಸಲಾಯಿತು. ಸಂಸ್ಥಾಪಕರು ಅದರಲ್ಲಿ ಪಾಲ್ಗೊಳ್ಳಲಿಲ್ಲ.

1892ರ ಜುಲೈ 18ರಂದು ಲೆಸ್ಟರ್ ನಗರದ ತಮ್ಮ ನಿವಾಸದಲ್ಲಿ ಥಾಮಸ್ ಕುಕ್ ಅವರು 83ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ಸಮಾಧಿಯು ನಗರದ ವೆಲ್‌ಫರ್ಡ್ ರಸ್ತೆಯ ಸ್ಮಶಾನದಲ್ಲಿದೆ. ಅವರು ಸ್ಥಾಪಿಸಿದ ಬ್ರಿಟಿಷ್ ಸಂಸ್ಥೆಯು ಹಲವು ಕೈಗಳನ್ನು ದಾಟಿ 2019ರ ಸೆಪ್ಟೆಂಬರ್ ತಿಂಗಳಿನಲ್ಲಿ ಸಾಲದ ಹೊರೆಯಿಂದ ಮುಚ್ಚಿಹೋಯಿತು. ಭಾರತದಲ್ಲಿ ಇದೇ ಹೆಸರಿನಲ್ಲಿರುವ ಕಂಪನಿಯು ಅದಕ್ಕೆ ಮುಂಚೆಯೇ ಪ್ರತ್ಯೇಕ ಒಡೆತನಕ್ಕೆ ಸೇರಿದ್ದುದರಿಂದ ಅದಕ್ಕೆ ಬಾಧಕವಾಗಲಿಲ್ಲ.

ಲೆಸ್ಟರ್ ರೈಲು ನಿಲ್ದಾಣದ ಹೊರಗೆ 1994ರಲ್ಲಿ ಕುಕ್ ಅವರ ಕಂಚಿನ ಪ್ರತಿಮೆಯನ್ನು ಸ್ಥಾಪಿಸಲಾಯಿತು. ನಗರದ ಗ್ಯಾಲೋಟ್ರೀ ಗೇಟ್ ಬೀದಿಯಲ್ಲಿ ಸಂಸ್ಥೆಯು 1894ರಲ್ಲಿ ಕಟ್ಟಿಸಿದ ಕಟ್ಟಡದ ಮುಂಭಾಗದಲ್ಲಿ ಅದರ ಇತಿಹಾಸವನ್ನು ತಿಳಿಸುವ ನಾಲ್ಕು ಉಬ್ಬುಚಿತ್ರಗಳಿವೆ. ಅವುಗಳಲ್ಲಿ ಮೊದಲನೆಯದು 1841ರ ಆ ತೆರೆದ ಗಾಡಿಗಳ ರೈಲು.